ಸ್ಯಾಟ್ ಓದಿನ ವಿಭಾಗ: ಅಂಕ ಸೋರುವುದೆಲ್ಲಿ?

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವವರು ಬರೆಯುವ ಸ್ಯಾಟ್ ಪರೀಕ್ಷೆಯ ‘ರೀಡಿಂಗ್ ಅಂಡ್ ರೈಟಿಂಗ್’ ವಿಭಾಗದ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಎಲ್ಲ ಉತ್ತರಗಳಿಗೂ ಬೇಕಾಗುವ ಕೆಲವು ವಿವರಗಳನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿನ ಪರೀಕ್ಷೆ ಡಿಜಿಟಲ್ ರೂಪದ್ದು. ಪರೀಕ್ಷೆಯನ್ನು ನಡೆಸುವ ಸಂಸ್ಥೆಯಾದ ಕಾಲೇಜ್ ಬೋರ್ಡ್ ಒದಗಿಸುವ ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ ಅದನ್ನು ಬರೆಯಬೇಕು. ಈ ವಿಭಾಗದಲ್ಲಿ ತಲಾ 32 ನಿಮಿಷಗಳ ಎರಡು ಮಾಡ್ಯೂಲ್‌ಗಳಿದ್ದು, ಒಂದೊಂದರಲ್ಲೂ 27 ಪ್ರಶ್ನೆಗಳಿರುತ್ತವೆ. ಪ್ರತಿಯೊಂದು ಪ್ರಶ್ನೆಗೂ ಅದರದೇ ಆದ, 25ರಿಂದ 150 ಪದಗಳಷ್ಟು ಉದ್ದದ ಪುಟ್ಟ ಪಠ್ಯಭಾಗ ಇರುತ್ತದೆ. ಮೊದಲ ಮಾಡ್ಯೂಲ್ ಅನ್ನು ಹೇಗೆ ಮಾಡಿದಿರಿ ಎಂಬುದನ್ನು ನೋಡಿಕೊಂಡು ಎರಡನೆಯದು ಸುಲಭದ್ದೋ ಕಠಿಣದ್ದೋ ಎಂಬುದು ನಿರ್ಧಾರವಾಗುತ್ತದೆ. ವಿಭಾಗದ ಅಂಕ 200ರಿಂದ 800ರವರೆಗೆ. ಪ್ರಶ್ನೆಗಳಲ್ಲಿ ಸುಮಾರು ಅರ್ಧದಷ್ಟು ಓದಿನ ಗ್ರಹಿಕೆಗೆ ಸೇರಿದವು, ಉಳಿದವು ವ್ಯಾಕರಣಕ್ಕೂ ಬರವಣಿಗೆಯ ಜೋಡಣೆಗೂ ಸೇರಿದವು. ಇಲ್ಲಿನ ಪತ್ರಗಳೆಲ್ಲ ಬಹುಮಟ್ಟಿಗೆ ಆ ಮೊದಲ ಅರ್ಧದ ಕುರಿತಾಗಿವೆ.

ಪ್ರಶ್ನೆ: ನಾನು ಹನ್ನೊಂದನೆಯ ತರಗತಿಯಲ್ಲಿದ್ದೇನೆ. ಮೂರು ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಪೂರ್ಣ ಅಭ್ಯಾಸ ಪರೀಕ್ಷೆಗಳನ್ನು ಬರೆದಿದ್ದೇನೆ. ಗಣಿತದ ಅಂಕ ಏರುತ್ತಲೇ ಬಂದಿದೆ, ಆದರೆ ಓದಿನ ವಿಭಾಗದ ಅಂಕ ಮಾತ್ರ 580 ಮತ್ತು 610ರ ನಡುವೆಯೇ ಓಡಾಡುತ್ತಿದೆ. ಎರಡು ಆಯ್ಕೆಗಳನ್ನು ತೆಗೆದುಹಾಕುವುದು ಸುಲಭ, ಉಳಿದ ಎರಡರಲ್ಲಿ ಪ್ರತಿಸಲವೂ ತಪ್ಪಾದದ್ದನ್ನೇ ಆರಿಸುತ್ತೇನೆ. ಇನ್ನೂ ಎಷ್ಟು ಪರೀಕ್ಷೆಗಳನ್ನು ಬರೆದರೆ ಅಂಕ ಮೇಲೇಳುತ್ತದೆ?

ಉತ್ತರ: ಮೊದಲಿಗೆ ಒಂದು ಮಾತು: 580 ಮತ್ತು 610ರ ನಡುವಿನ ಓಡಾಟವನ್ನು ಏರಿಕೆ ಎಂದಾಗಲಿ ಇಳಿಕೆ ಎಂದಾಗಲಿ ಎಣಿಸಬೇಡಿ. ಒಂದೇ ಸಾಮರ್ಥ್ಯದ ವಿದ್ಯಾರ್ಥಿ ಬೇರೆ ಬೇರೆ ದಿನ ಪರೀಕ್ಷೆ ಬರೆದರೆ ಇಪ್ಪತ್ತು ಮೂವತ್ತು ಅಂಕಗಳ ವ್ಯತ್ಯಾಸ ಬಂದೇ ಬರುತ್ತದೆ. 610 ಬಂದ ದಿನ ಹಿಗ್ಗಿ, 580 ಬಂದ ದಿನ ಕುಗ್ಗಿ ನೀವು ಸವೆಸಿರುವ ಮನಸ್ಸಿನ ಶಕ್ತಿಯನ್ನು ಬೇರೆ ಕಡೆ ತಿರುಗಿಸಬೇಕಾಗಿದೆ.

ಇನ್ನೆಷ್ಟು ಪರೀಕ್ಷೆ ಎಂದು ಕೇಳಿದ್ದೀರಿ. ಸದ್ಯಕ್ಕೆ ಒಂದೂ ಬೇಡ. ಪೂರ್ಣ ಪರೀಕ್ಷೆ ಎನ್ನುವುದು ತಕ್ಕಡಿಯಿದ್ದಂತೆ. ದಿನವೂ ತೂಗಿ ನೋಡಿದರೆ ತೂಕ ತಿಳಿಯುತ್ತದೆ, ಬದಲಾಗುವುದಿಲ್ಲ. ಗಣಿತದಲ್ಲಿ ಒಂದು ಲೆಕ್ಕ ತಪ್ಪಿದಾಗ ಯಾವ ಸೂತ್ರ ಗೊತ್ತಿರಲಿಲ್ಲ ಎಂಬುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅಲ್ಲಿ ಪರೀಕ್ಷೆಯೇ ಒಂದಿಷ್ಟು ಪಾಠವನ್ನೂ ಮಾಡಿಬಿಡುತ್ತದೆ. ಓದಿನಲ್ಲಿ ಹಾಗಾಗುವುದಿಲ್ಲ. ಸರಿಯುತ್ತರ ‘ಬಿ’ ಎಂದು ನೋಡಿದ ಕೂಡಲೇ ‘ಹೌದಲ್ಲ, ನಾನೂ ಅದನ್ನೇ ಅಂದುಕೊಂಡಿದ್ದೆ’ ಎಂದು ಮನಸ್ಸು ಸಮಾಧಾನ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತದೆ. ನಿಮ್ಮ ಅಂಕ ಸೋರುತ್ತಿರುವುದು ಈ ಸಮಾಧಾನದಲ್ಲಿ. ನಾನು ಹಲವು ವರ್ಷ ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತು ಅವರು ತಪ್ಪು ಮಾಡುವ ಗಳಿಗೆಯನ್ನು ಗಮನಿಸಿದ್ದೇನೆ. ಸರಿಯುತ್ತರ ಏಕೆ ಸರಿ ಎಂದು ಬಹುತೇಕ ಎಲ್ಲರೂ ವಿವರಿಸಬಲ್ಲರು. ತಾವು ಆರಿಸಿದ ತಪ್ಪು ಉತ್ತರ ತಮ್ಮನ್ನು ಏಕೆ ಸೆಳೆಯಿತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲು ಕಲಿತವರ ಅಂಕವೇ ಏರುವುದನ್ನು ನಾನು ಕಂಡಿರುವುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪರೀಕ್ಷೆಯಲ್ಲಿ ಇದು ಇಂಗ್ಲಿಷಿನಲ್ಲಿರುತ್ತದೆ, ಆದರೆ ತರ್ಕ ಯಾವ ಭಾಷೆಯಲ್ಲಾದರೂ ಅದೇ. ಪಠ್ಯಭಾಗ ಹೀಗಿದೆ ಎಂದುಕೊಳ್ಳಿ: ‘ಎರೆಹುಳುಗಳು ಎಲೆಗಳನ್ನು ತಮ್ಮ ಬಿಲದೊಳಕ್ಕೆ ಎಳೆದುಕೊಳ್ಳುವಾಗ ಬಹಳಷ್ಟು ಸಲ ಚೂಪಾದ ತುದಿಯನ್ನೇ ಹಿಡಿಯುತ್ತವೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ ಗಮನಿಸಿದ. ಎಲೆಯ ತುದಿಯ ರುಚಿಯೋ ವಾಸನೆಯೋ ಹುಳುಗಳನ್ನು ಸೆಳೆಯುತ್ತಿರಬಹುದೇ? ಅವನು ಕಾಗದವನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಿ ಹುಳುಗಳ ಬಳಿ ಇಟ್ಟ. ಆ ಚೂರುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವನ್ನು ಹುಳುಗಳು ಚೂಪಾದ ತುದಿಯಿಂದಲೇ ಎಳೆದುಕೊಂಡವು. ಇದರಿಂದ ತಿಳಿಯುವುದೇನೆಂದರೆ…’ ಮುಂದಿನದನ್ನು ತುಂಬಬೇಕು. ಆಯ್ಕೆಗಳು ನಾಲ್ಕು. ಒಂದು, ಎರೆಹುಳುಗಳಿಗೆ ಮೇಲುಸ್ತರದ ಪ್ರಾಣಿಗಳಷ್ಟೇ ಬುದ್ಧಿಯಿದೆ. ಎರಡು, ಹುಳುಗಳು ತುದಿಯನ್ನು ಹಿಡಿಯುವುದಕ್ಕೆ ಎಲೆಯ ರುಚಿ ಅಥವಾ ವಾಸನೆಯೊಂದೇ ಕಾರಣವಾಗಿರಲಾರದು. ಮೂರು, ಎರೆಹುಳುಗಳು ಮಣ್ಣನ್ನು ಫಲವತ್ತಾಗಿಸುತ್ತವೆ. ನಾಲ್ಕು, ಹುಳುಗಳಿಗೆ ಎಲೆಗಿಂತ ಕಾಗದವನ್ನು ಎಳೆಯುವುದು ಸುಲಭ.

ಮೂರನೆಯದು ಲೋಕಸತ್ಯ, ಡಾರ್ವಿನ್ 1881ರಲ್ಲಿ ಎರೆಹುಳುಗಳ ಬಗ್ಗೆ ಪ್ರಕಟಿಸಿದ ಪುಸ್ತಕದ ಮುಖ್ಯ ವಿಚಾರವೂ ಹುಳುಗಳು ಮೇಲ್ಮಣ್ಣನ್ನು ರೂಪಿಸುವ ಬಗೆಯೇ. ಆದರೆ ಈ ಪಠ್ಯಭಾಗದಲ್ಲಿ ಮಣ್ಣಿನ ಸುದ್ದಿಯೇ ಇಲ್ಲ. ಜೀವಶಾಸ್ತ್ರವನ್ನು ಚೆನ್ನಾಗಿ ಓದಿರುವ ವಿದ್ಯಾರ್ಥಿಯೇ ಇಲ್ಲಿ ಜಾರುತ್ತಾನೆ, ಏಕೆಂದರೆ ತನಗೆ ಗೊತ್ತಿರುವ ಸತ್ಯವನ್ನು ತಪ್ಪು ಎಂದು ಹೊಡೆದುಹಾಕಲು ಅವನಿಗೆ ಮನಸ್ಸು ಬರುವುದಿಲ್ಲ. ನಾಲ್ಕನೆಯದರಲ್ಲಿ ಎಲೆ, ಕಾಗದ, ಎಳೆಯುವುದು ಎಂಬ ಪಠ್ಯದ ಪದಗಳೇ ಇವೆ, ಆದರೆ ಹೋಲಿಕೆ ಮಾತ್ರ ಪಠ್ಯದ್ದಲ್ಲ. ಕೊನೆಗೆ ಉಳಿಯುವುದು ಒಂದು ಮತ್ತು ಎರಡು. ನೀವು ಹೇಳುವ ‘ಉಳಿದ ಎರಡು’ ಇವೇ. ಒಂದನೆಯದು ಆಕರ್ಷಕ. ಹುಳು ಆಕಾರವನ್ನು ಗುರುತಿಸುತ್ತದೆ, ಆದ್ದರಿಂದ ಅದಕ್ಕೆ ಬುದ್ಧಿಯಿದೆ ಎಂದು ಮನಸ್ಸು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ, ಅಲ್ಲಿಂದ ‘ಮೇಲುಸ್ತರದ ಪ್ರಾಣಿಗಳಷ್ಟೇ’ ಎಂಬಲ್ಲಿಗೆ ಇನ್ನೊಂದು ಹೆಜ್ಜೆ. ಪಠ್ಯ ನಿಮಗೆ ಅನುಮತಿ ಕೊಟ್ಟಿರುವುದು ಅರ್ಧ ಹೆಜ್ಜೆಗೆ ಮಾತ್ರ: ಕಾಗದಕ್ಕೆ ಎಲೆಯ ರುಚಿಯಿಲ್ಲ, ಆದರೂ ಹುಳುಗಳು ತುದಿಯನ್ನು ಹಿಡಿದವು, ಆದ್ದರಿಂದ ರುಚಿಯೊಂದೇ ಕಾರಣವಲ್ಲ. ಎರಡನೆಯ ಆಯ್ಕೆ ಸಪ್ಪೆಯಾಗಿ ಕಾಣುತ್ತದೆ, ಹೊಸದೇನನ್ನೂ ಹೇಳಿದಂತೆ ತೋರುವುದಿಲ್ಲ. ಊಹೆಯ ಪ್ರಶ್ನೆಗಳಲ್ಲಿ ಸರಿಯುತ್ತರ ಬಹಳ ಸಲ ಹೀಗೆಯೇ ಇರುತ್ತದೆ. ಪಠ್ಯದಿಂದ ಅತ್ಯಂತ ಕಡಿಮೆ ದೂರ ನಡೆದವನಿಗೆ ಅದು ಸಿಗುತ್ತದೆ.

ಈಗ ನಿಮಗೆ ಕೆಲಸ ಹೇಳುತ್ತೇನೆ. ಈಗಾಗಲೇ ಬರೆದಿರುವ ಪರೀಕ್ಷೆಗಳಲ್ಲಿ ತಪ್ಪಾದ ಓದಿನ ಪ್ರಶ್ನೆಗಳನ್ನೆಲ್ಲ ಹೊರತೆಗೆಯಿರಿ. ಸರಿಯಾಗಿದ್ದರೂ ಅನುಮಾನದಿಂದ ಉತ್ತರಿಸಿದ್ದು ನೆನಪಿರುವವನ್ನೂ ಸೇರಿಸಿಕೊಳ್ಳಿ. ಪ್ರತಿಯೊಂದಕ್ಕೂ ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾಕ್ಯ ಬರೆಯಿರಿ: ನಾನು ಆರಿಸಿದ ಆಯ್ಕೆಯ ಯಾವ ಪದ ಅದನ್ನು ತಪ್ಪಾಗಿಸಿತು, ಮತ್ತು ಓದುವಾಗ ಆ ಪದವನ್ನು ನಾನು ಏಕೆ ಕ್ಷಮಿಸಿಬಿಟ್ಟೆ. ‘ಗಮನ ಕೊಡಲಿಲ್ಲ’ ಎಂದು ಬರೆದರೆ ಅದು ಉತ್ತರವಲ್ಲ. ‘ಕೆಲವು ಎಂದು ಪಠ್ಯ ಹೇಳಿತ್ತು, ಆಯ್ಕೆ ಎಲ್ಲ ಎಂದಿತು, ಆಯ್ಕೆಯ ಉಳಿದ ಭಾಗ ಸರಿಯಿದ್ದುದರಿಂದ ಒಪ್ಪಿಕೊಂಡೆ’ ಎಂದು ಬರೆದರೆ ಅದು ಉತ್ತರ. ಮೂವತ್ತು ನಲವತ್ತು ಪ್ರಶ್ನೆಗಳನ್ನು ಹೀಗೆ ಮಾಡುವಷ್ಟರಲ್ಲಿ ನಿಮ್ಮ ತಪ್ಪುಗಳು ನೂರು ಬಗೆಯವಲ್ಲ, ಎರಡೋ ಮೂರೋ ಬಗೆಯವು ಎಂಬುದು ಗೋಚರಿಸುತ್ತದೆ. ಒಬ್ಬರು ಅತಿಯಾದ ಹೇಳಿಕೆಗೆ ಸೋಲುತ್ತಾರೆ. ಇನ್ನೊಬ್ಬರು ಪಠ್ಯದಲ್ಲಿ ನಿಜವಾಗಿಯೂ ಇರುವ, ಆದರೆ ಕೇಳಿದ ಪ್ರಶ್ನೆಗೆ ಸಂಬಂಧಿಸದ ವಿವರಕ್ಕೆ ಸೋಲುತ್ತಾರೆ. ಮತ್ತೊಬ್ಬರು ಕಾರಣವೂ ಪರಿಣಾಮವೂ ಅದಲುಬದಲಾಗಿರುವ ವಾಕ್ಯಕ್ಕೆ ಸೋಲುತ್ತಾರೆ. ನಿಮ್ಮದು ಯಾವುದು ಎಂದು ತಿಳಿದ ಮೇಲೆ ಆ ಬಗೆಯ ಪ್ರಶ್ನೆಗಳನ್ನೇ ಹುಡುಕಿ ಅಭ್ಯಾಸ ಮಾಡಬಹುದು. ಕಾಲೇಜ್ ಬೋರ್ಡಿನ ಉಚಿತ ಪ್ರಶ್ನೆ ಭಂಡಾರದಲ್ಲಿ ಪ್ರಶ್ನೆಗಳನ್ನು ಕೌಶಲದ ಪ್ರಕಾರವೂ ಕಠಿಣತೆಯ ಪ್ರಕಾರವೂ ಬೇರ್ಪಡಿಸಿ ತೆಗೆದುಕೊಳ್ಳುವ ಅನುಕೂಲವಿದೆ. ಖಾನ್ ಅಕಾಡೆಮಿಯ ಉಚಿತ ಪಾಠಗಳೂ ಹೀಗೆಯೇ ಕೌಶಲಗಳ ಮೇಲೆ ವಿಂಗಡಣೆಯಾಗಿವೆ.

ಇದರ ಜೊತೆಗೆ ಒಂದು ಅಭ್ಯಾಸವನ್ನು ಇಂದಿನಿಂದಲೇ ಆರಂಭಿಸಿ. ಪಠ್ಯಭಾಗವನ್ನು ಓದಿದ ಮೇಲೆ ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ, ಉತ್ತರವನ್ನು ನಿಮ್ಮದೇ ಮಾತಿನಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲಿ ಹೇಳಿಕೊಂಡರೂ ಆಗುತ್ತದೆ, ಐದಾರು ಪದ ಸಾಕು. ಹೇಳಲು ಬಾರದಿದ್ದರೆ ಪಠ್ಯ ಅರ್ಥವಾಗಿಲ್ಲ ಎಂದು ಆ ಕ್ಷಣದಲ್ಲೇ ತಿಳಿಯುತ್ತದೆ, ಮತ್ತೆ ಓದಬಹುದು. ಸ್ವಂತ ಉತ್ತರವಿಲ್ಲದೆ ಆಯ್ಕೆಗಳ ಮುಂದೆ ನಿಂತವನಿಗೆ ನಾಲ್ಕೂ ಸರಿಯಾಗಿ ಕಾಣುತ್ತವೆ, ಏಕೆಂದರೆ ಸರಿಯಾಗಿ ಕಾಣಲೆಂದೇ ಅವನ್ನು ಬರೆದಿರುತ್ತಾರೆ. ನನ್ನ ಮಾತುಗಳಲ್ಲಿ ಒಂದನ್ನು ಮಾತ್ರ ಪಾಲಿಸಲು ನಿಮಗೆ ಸಾಧ್ಯವಾಗುವುದಾದರೆ ಇದನ್ನೇ ಪಾಲಿಸಿ ಎನ್ನುತ್ತೇನೆ.

ಪ್ರಶ್ನೆ: ಸ್ಯಾಟ್‌ಗಾಗಿ ಸಾವಿರಾರು ಕಠಿಣ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಿದ್ದೇನೆ. ದಿನಕ್ಕೆ ಐವತ್ತು ಪದ ಕಲಿತು ಮಾರನೆಯ ದಿನ ನಲವತ್ತನ್ನು ಮರೆಯುತ್ತಿದ್ದೇನೆ. ಮುಂದುವರಿಸಲೇ?

ಉತ್ತರ: ಅಂತಹ ಪಟ್ಟಿಗಳಿಗೆ ಒಂದು ಇತಿಹಾಸವಿದೆ. ಹಿಂದಿನ ಸ್ಯಾಟ್‌ನಲ್ಲಿ ವಿರುದ್ಧಾರ್ಥಕ ಪದಗಳ ಪ್ರಶ್ನೆಗಳಿದ್ದವು, 1994ರಲ್ಲಿ ಅವು ಹೋದವು. ‘ಇದಕ್ಕೆ ಅದು ಹೇಗೋ ಹಾಗೆ’ ಎಂಬ ಸಾದೃಶ್ಯದ ಪ್ರಶ್ನೆಗಳು 2005ರಲ್ಲಿ ಹೋದವು. ಬಿಡಿ ವಾಕ್ಯದ ಖಾಲಿಜಾಗಕ್ಕೆ ಅಪರೂಪದ ಪದ ತುಂಬುವ ಹಳೆಯ ಮಾದರಿ 2016ರ ಬದಲಾವಣೆಯಲ್ಲಿ ಹೋಯಿತು. ನೀವು ಬಾಯಿಪಾಠ ಮಾಡುತ್ತಿರುವ ಪಟ್ಟಿ ಬಹುಶಃ ಆ ಕಾಲದ ಅಗತ್ಯಕ್ಕೆ ಹುಟ್ಟಿದ್ದು.

ಈಗಲೂ ಪ್ರತಿ ಮಾಡ್ಯೂಲ್‌ನ ಆರಂಭದಲ್ಲಿ ಪದಗಳ ಪ್ರಶ್ನೆಗಳೇ ಬರುತ್ತವೆ ಎಂಬುದು ನಿಜ, ಅವುಗಳಲ್ಲಿ ಕೆಲವು ಪದಗಳು ಕಠಿಣವಾಗಿಯೂ ಇರುತ್ತವೆ. ಆದರೆ ಬಾಗಿಲು ತೆರೆಯುವ ಕೀಲಿ ಸುತ್ತಲಿನ ವಾಕ್ಯದಲ್ಲಿರುತ್ತದೆ. ‘ಭೂಖಂಡಗಳು ಚಲಿಸುತ್ತವೆ ಎಂದು ಆಲ್ಫ್ರೆಡ್ ವೇಗನರ್ 1912ರಲ್ಲಿ ಮಂಡಿಸಿದ ವಾದವನ್ನು ಹೆಚ್ಚಿನ ಭೂವಿಜ್ಞಾನಿಗಳು ಮೊದಮೊದಲು ______, ಆದರೆ 1960ರ ದಶಕದಲ್ಲಿ ಸಾಗರತಳದ ಪುರಾವೆಗಳು ದೊರೆತ ಮೇಲೆ ಚಲನೆಯ ವಿಚಾರವನ್ನು ಒಪ್ಪಿಕೊಂಡರು’ ಎಂಬ ವಾಕ್ಯದಲ್ಲಿ ‘ಮೊದಮೊದಲು’ ಮತ್ತು ‘ಆದರೆ’ ಎಂಬ ಎರಡು ಸಣ್ಣ ಪದಗಳೇ ಖಾಲಿಜಾಗದಲ್ಲಿ ‘ತಿರಸ್ಕರಿಸಿದರು’ ಎಂಬ ಅರ್ಥ ಬರಬೇಕೆಂದು ಹೇಳಿಬಿಡುತ್ತವೆ. ಆ ಅರ್ಥವನ್ನು ಮೊದಲು ಬರೆದುಕೊಂಡು, ಆಮೇಲೆ ಆಯ್ಕೆಗಳಲ್ಲಿ ಅದಕ್ಕೆ ಹೊಂದುವ ಪದವನ್ನು ಹುಡುಕಬೇಕು. ನಾಲ್ಕರಲ್ಲಿ ಮೂರು ಪದಗಳು ನಿಮಗೆ ಗೊತ್ತಿದ್ದು ಅವು ಯಾವುವೂ ಹೊಂದದಿದ್ದರೆ, ಗೊತ್ತಿಲ್ಲದ ನಾಲ್ಕನೆಯದನ್ನೇ ಧೈರ್ಯವಾಗಿ ಆರಿಸಿ. ಪರಿಚಯವಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಡುವವರು ಬಹಳ ಮಂದಿ.

ಪಟ್ಟಿಯನ್ನು ಪೂರ್ತಿ ಎಸೆಯಿರಿ ಎನ್ನುವುದಿಲ್ಲ, ಬದಲಾಯಿಸಿ ಎನ್ನುತ್ತೇನೆ. ನೀವೇ ಓದಿದ ಪಠ್ಯಭಾಗಗಳಲ್ಲಿ ಎದುರಾದ ಪದಗಳನ್ನು, ಆ ವಾಕ್ಯದ ಸಮೇತ, ದಿನಕ್ಕೆ ಏಳೆಂಟರಂತೆ ಬರೆದುಕೊಳ್ಳಿ. ವಿಶೇಷವಾಗಿ ನಿಮಗೆ ಗೊತ್ತೇ ಇದೆ ಎಂದುಕೊಂಡಿರುವ ಪದಗಳ ಎರಡನೆಯ ಅರ್ಥದ ಮೇಲೆ ಕಣ್ಣಿಡಿ. ‘ಅಡ್ರೆಸ್’ ಎಂದರೆ ವಿಳಾಸ ಮಾತ್ರವಲ್ಲ, ಒಂದು ಸಮಸ್ಯೆಯನ್ನು ಕೈಗೆತ್ತಿಕೊಳ್ಳುವುದೂ ಹೌದು. ‘ಕ್ವಾಲಿಫೈ’ ಎಂದರೆ ಅರ್ಹತೆ ಪಡೆಯುವುದು ಮಾತ್ರವಲ್ಲ, ತಾನು ಹೇಳಿದ ಮಾತಿಗೆ ಮಿತಿ ಹಾಕಿಕೊಳ್ಳುವುದೂ ಹೌದು. ಈ ಎರಡನೆಯ ಅರ್ಥಗಳು ಆಯ್ಕೆಗಳ ವಾಕ್ಯಗಳಲ್ಲೂ ಬರುತ್ತವೆ, ಅಲ್ಲಿ ಅವನ್ನು ತಪ್ಪಾಗಿ ತಿಳಿದರೆ ಪಠ್ಯ ಚೆನ್ನಾಗಿ ಅರ್ಥವಾಗಿದ್ದರೂ ಅಂಕ ಹೋಗುತ್ತದೆ.

ಪ್ರಶ್ನೆ: ನನಗೆ ಸಮಯ ಸಾಲುವುದಿಲ್ಲ. ಕೊನೆಯ ಐದಾರು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರ ಗುರುತಿಸುತ್ತೇನೆ. ವೇಗದ ಓದನ್ನು ಕಲಿಸುವ ಕೋರ್ಸ್ ಸೇರಬೇಕೇ? ಪ್ರಶ್ನೆಯನ್ನು ಮೊದಲು ಓದಬೇಕೋ, ಪಠ್ಯವನ್ನು ಮೊದಲು ಓದಬೇಕೋ?

ಉತ್ತರ: ಲೆಕ್ಕ ಹಾಕಿ ನೋಡೋಣ. 32 ನಿಮಿಷಕ್ಕೆ 27 ಪ್ರಶ್ನೆ ಎಂದರೆ ಒಂದಕ್ಕೆ ಸುಮಾರು 71 ಸೆಕೆಂಡು. ನೂರು ಪದಗಳ ಪಠ್ಯವನ್ನು ಸಾಧಾರಣ ವೇಗದಲ್ಲಿ ಓದಲು ಮೂವತ್ತು ಸೆಕೆಂಡು ಸಾಕು. ಹಾಗಿದ್ದರೆ ಸಮಯ ಹೋಗುತ್ತಿರುವುದು ಓದುವುದರಲ್ಲಲ್ಲ; ಅವಸರದಲ್ಲಿ ಓದಿ, ಅರ್ಥವಾಗದೆ, ಎರಡು ಆಯ್ಕೆಗಳ ನಡುವೆ ತೂಗಾಡುತ್ತಾ ಪಠ್ಯಕ್ಕೂ ಆಯ್ಕೆಗೂ ನಾಲ್ಕೈದು ಸಲ ಓಡಾಡುವುದರಲ್ಲಿ. ವೇಗದ ಓದಿನ ಕೋರ್ಸ್ ಈ ರೋಗವನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಸಲ, ನಿಧಾನವಾಗಿ, ಪ್ರತಿ ವಾಕ್ಯ ಹಿಂದಿನದಕ್ಕೆ ಏನು ಮಾಡುತ್ತಿದೆ ಎಂದು ಗಮನಿಸುತ್ತಾ ಓದಿ. ‘ಹೌಎವರ್’, ‘ಯೆಟ್’, ‘ಆಲ್ದೋ’ ಎಂಬ ಪದಗಳು ಬಂದ ಕಡೆ ನಿಲ್ಲಿ. ಲೇಖಕ ದಿಕ್ಕು ಬದಲಿಸುವುದು ಅಲ್ಲೇ, ಪ್ರಶ್ನೆ ಹುಟ್ಟುವುದೂ ಬಹುಪಾಲು ಅಲ್ಲೇ.

ಪಠ್ಯಕ್ಕೂ ಮೊದಲು ಪ್ರಶ್ನೆಯ ವಾಕ್ಯವನ್ನು ಮಾತ್ರ ಒಮ್ಮೆ ನೋಡಿಕೊಳ್ಳಿ, ಆಯ್ಕೆಗಳನ್ನು ನೋಡಬೇಡಿ. ಮುಖ್ಯ ವಿಚಾರವನ್ನು ಕೇಳಿದ್ದಾರೆಯೇ, ಒಂದು ವಾಕ್ಯದ ಉದ್ದೇಶವನ್ನು ಕೇಳಿದ್ದಾರೆಯೇ, ಪುರಾವೆಯನ್ನು ಕೇಳಿದ್ದಾರೆಯೇ ಎಂದು ತಿಳಿದಿದ್ದರೆ ಓದಿಗೆ ಒಂದು ಗುರಿ ಇರುತ್ತದೆ. ಎರಡು ಪಠ್ಯಗಳನ್ನು ಕೊಟ್ಟು ಎರಡನೆಯ ಲೇಖಕರು ಮೊದಲನೆಯವರಿಗೆ ಏನು ಹೇಳಬಹುದು ಎಂದು ಕೇಳುವ ಪ್ರಶ್ನೆಯಲ್ಲಿ ಮೊದಲ ಪಠ್ಯ ಮುಗಿದ ಕೂಡಲೇ ನಿಂತು, ಅದರ ವಾದವನ್ನು ಒಂದು ವಾಕ್ಯದಲ್ಲಿ ಹೇಳಿಕೊಂಡು, ಆಮೇಲೆ ಎರಡನೆಯದಕ್ಕೆ ಹೋಗಿ. ಇಬ್ಬರೂ ಪೂರ್ತಿ ವಿರುದ್ಧವಾಗಿರುತ್ತಾರೆ ಎಂದು ಮೊದಲೇ ತೀರ್ಮಾನಿಸಬೇಡಿ. ಎರಡನೆಯವರು ಅರ್ಧ ಒಪ್ಪಿ, ಒಂದು ಅಂಶದಲ್ಲಿ ಮಾತ್ರ ತಕರಾರು ತೆಗೆಯುವುದು ಸಾಮಾನ್ಯ.

ಇನ್ನು ಕ್ರಮದ ವಿಷಯ. ಮಾಡ್ಯೂಲ್‌ನಲ್ಲಿ ಪದ ಮತ್ತು ಓದಿನ ಪ್ರಶ್ನೆಗಳು ಮೊದಲು, ವ್ಯಾಕರಣದವು ಆಮೇಲೆ, ವಾಕ್ಯಗಳನ್ನು ಬೆಸೆಯುವವು ಕೊನೆಗೆ ಬರುತ್ತವೆ. ನೀವು ಕಣ್ಣುಮುಚ್ಚಿ ಗುರುತಿಸುತ್ತಿರುವ ಆ ಕೊನೆಯ ಐದಾರು ಪ್ರಶ್ನೆಗಳು ಕಠಿಣ ಊಹೆಯ ಪ್ರಶ್ನೆಗಳಿಗಿಂತ ಬೇಗ ಮುಗಿಯುವಂಥವು. ಅವುಗಳಿಗೆ ಸಮಯ ಸಿಗದಿರುವುದೇ ನಿಮ್ಮ ದೊಡ್ಡ ನಷ್ಟ. ಆದ್ದರಿಂದ ಮಧ್ಯದಲ್ಲಿ ಒಂದು ಪ್ರಶ್ನೆ ಒಂದೂವರೆ ನಿಮಿಷವಾದರೂ ಬಗೆಹರಿಯದಿದ್ದರೆ, ತಾತ್ಕಾಲಿಕವಾಗಿ ಒಂದು ಉತ್ತರ ಕೊಟ್ಟು, ಬ್ಲೂಬುಕ್‌ನಲ್ಲಿರುವ ಗುರುತಿನ ಗುಂಡಿಯನ್ನು ಒತ್ತಿ, ಮುಂದಕ್ಕೆ ಹೋಗಿ. ಕೊನೆಯವರೆಗೆ ಹೋಗಿ ಮರಳಿ ಬರಲು ಅದೇ ಮಾಡ್ಯೂಲ್‌ನೊಳಗೆ ಅವಕಾಶವಿದೆ. ಮಾಡ್ಯೂಲ್ ಮುಗಿದ ಮೇಲೆ ಇಲ್ಲ.

ಪ್ರಶ್ನೆ: ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ?

ಉತ್ತರ: ಕಳೆಯುವುದಿಲ್ಲ. ಆ ಪದ್ಧತಿ 2016ರಲ್ಲಿಯೇ ಹೋಯಿತು. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಪ್ರಶ್ನೆ: ವಿಜ್ಞಾನದ ಪಠ್ಯಗಳು ನನಗೆ ಸುಲಭ. ಹಳೆಯ ಕಾದಂಬರಿಗಳ ತುಣುಕು ಮತ್ತು ಕವಿತೆ ಬಂದರೆ ಕೈಕಾಲು ತಣ್ಣಗಾಗುತ್ತವೆ. ಮನೆಯಲ್ಲಿ ಕನ್ನಡ ಮಾತಾಡುವವರಿಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಎಂದಿಗಾದರೂ ಒಲಿಯುತ್ತದೆಯೇ?

ಉತ್ತರ: ಖಂಡಿತ ಒಲಿಯುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ವಿದ್ಯಾರ್ಥಿಗಳೂ ಇದೇ ಪಠ್ಯಗಳ ಮುಂದೆ ತಡವರಿಸುತ್ತಾರೆ, ಏಕೆಂದರೆ ಆ ಇಂಗ್ಲಿಷನ್ನು ಇಂದು ಯಾರೂ ಮನೆಯಲ್ಲಿ ಆಡುವುದಿಲ್ಲ.

ಹಳೆಯ ಗದ್ಯದ ತೊಡಕು ಪದಗಳಲ್ಲಿರುವುದಕ್ಕಿಂತ ವಾಕ್ಯದ ಹೆಣಿಗೆಯಲ್ಲಿರುತ್ತದೆ. ಕರ್ತೃಪದ ಬಂದ ಮೇಲೆ ಒಂದು ವಿಶೇಷಣ, ಅದಕ್ಕೊಂದು ಉಪವಾಕ್ಯ, ಅದರೊಳಗೆ ಇನ್ನೊಂದು, ಎಲ್ಲ ಮುಗಿದು ಕ್ರಿಯಾಪದ ಬರುವಷ್ಟರಲ್ಲಿ ಯಾರ ವಿಷಯ ಹೇಳುತ್ತಿದ್ದರು ಎಂಬುದೇ ಮರೆತುಹೋಗಿರುತ್ತದೆ. ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ ಎಂದೇ ನಾನು ಭಾವಿಸುತ್ತೇನೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವವರೆಗೆ ಕರ್ತೃವನ್ನೂ ಕರ್ಮವನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕಾಯುವುದು ನಮಗೆ ಬಾಲ್ಯದಿಂದಲೇ ರೂಢಿಯಾಗಿದೆ. ಆ ತಾಳ್ಮೆಯನ್ನೇ ಇಂಗ್ಲಿಷಿಗೂ ತನ್ನಿ. ಅಲ್ಪವಿರಾಮಗಳ ನಡುವೆ ಸಿಕ್ಕಿಕೊಂಡಿರುವುದನ್ನೆಲ್ಲ ಮೊದಲ ಓದಿನಲ್ಲಿ ಬದಿಗಿಟ್ಟು ಯಾರು, ಏನು ಮಾಡಿದರು ಎಂಬ ಬೆನ್ನೆಲುಬನ್ನು ಹಿಡಿಯಿರಿ. ಬದಿಗಿಟ್ಟದ್ದನ್ನು ಎರಡನೆಯ ಓದಿನಲ್ಲಿ ಸೇರಿಸಿ.

ಕವಿತೆಯ ವಿಷಯದಲ್ಲಿ ನಿಮ್ಮನ್ನು ಕಾಡುತ್ತಿರುವುದು ಬಹುಶಃ ಶಾಲೆಯ ಪಾಠದ ನೆನಪು. ತರಗತಿಯಲ್ಲಿ ಕವಿತೆಯ ಗೂಢಾರ್ಥವನ್ನು ಹುಡುಕಲು ಹೇಳಿಕೊಡುತ್ತಾರೆ, ಅದು ಒಳ್ಳೆಯದೇ. ಆದರೆ ಈ ಪರೀಕ್ಷೆ ಗೂಢಾರ್ಥವನ್ನು ಕೇಳುವುದಿಲ್ಲ. ಮಾತನಾಡುತ್ತಿರುವವರು ಯಾರು, ಅವರು ಯಾವುದರ ಬಗ್ಗೆ ಮಾತನಾಡುತ್ತಿದ್ದಾರೆ, ಅದರ ಬಗ್ಗೆ ಅವರ ಭಾವನೆಯೇನು, ಆ ಭಾವನೆ ನಡುವೆ ಎಲ್ಲಾದರೂ ತಿರುಗಿತೇ ಎಂಬಷ್ಟನ್ನೇ ಕೇಳುತ್ತದೆ. ಸಾಲು ಮುಗಿದ ಕಡೆ ನಿಲ್ಲದೆ, ಪೂರ್ಣವಿರಾಮ ಬಂದ ಕಡೆ ನಿಲ್ಲಿ. ಕವಿತೆಯನ್ನು ಗದ್ಯದಂತೆ ಸಾಗಿಸಿದರೆ ಅರ್ಧ ಕಷ್ಟ ಕರಗುತ್ತದೆ. ಹೂವು ಎಂದರೆ ಹೂವೇ ಎಂದು ಓದಿ. ಹಕ್ಕುಸ್ವಾಮ್ಯ ಮುಗಿದಿರುವ ಹಳೆಯ ಕೃತಿಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಭಂಡಾರದಲ್ಲಿ ಸಾವಿರಗಟ್ಟಲೆ ಇವೆ. ಅಲ್ಲಿಂದ ದಿನಕ್ಕೆ ಒಂದೇ ಪುಟ ತೆಗೆದುಕೊಂಡು, ಅದನ್ನು ಕನ್ನಡದ ಎರಡು ವಾಕ್ಯಗಳಲ್ಲಿ ಯಾರಿಗಾದರೂ ಹೇಳಿ. ಹೇಳಲು ಆದ ದಿನ ಆ ಪುಟ ನಿಮ್ಮದಾಯಿತು.

ಪ್ರಶ್ನೆ: ನನ್ನ ಮಗಳು ಚಿಕ್ಕಂದಿನಿಂದ ಪುಸ್ತಕದ ಹುಳು, ವಾರಕ್ಕೊಂದು ಇಂಗ್ಲಿಷ್ ಕಾದಂಬರಿ ಮುಗಿಸುತ್ತಾಳೆ. ಆದರೂ ಓದಿನ ಅಂಕ ಅವಳ ಗೆಳತಿಯರಿಗಿಂತ ಕಡಿಮೆ ಬರುತ್ತಿದೆ. ಪರೀಕ್ಷೆ ಮುಗಿಯುವವರೆಗೆ ಕಾದಂಬರಿ ನಿಲ್ಲಿಸು ಎಂದು ಹೇಳಲೇ?

ಉತ್ತರ: ದಯವಿಟ್ಟು ಹೇಳಬೇಡಿ, ತಾಯಿ. ಆ ಅಭ್ಯಾಸ ಅವಳಿಗೆ ಪದಗಳನ್ನೂ ವಾಕ್ಯಗಳ ಲಯವನ್ನೂ ಕೊಟ್ಟಿದೆ, ಮತ್ತು ಈ ಪರೀಕ್ಷೆಗಿಂತ ಎಷ್ಟೋ ಕಾಲ ಹೆಚ್ಚು ಅವಳ ಜೊತೆಗಿರುತ್ತದೆ. ಅಂಕ ಕಡಿಮೆಯಾಗಲು ಬೇರೆ ಕಾರಣವಿದೆ. ಕಥೆಯನ್ನು ಪ್ರೀತಿಸುವ ಓದುಗರು ಲೇಖಕ ಬಿಟ್ಟ ಜಾಗಗಳನ್ನು ತಮ್ಮ ಕಲ್ಪನೆಯಿಂದ ತುಂಬಿಕೊಳ್ಳುತ್ತಾ ಹೋಗುತ್ತಾರೆ. ಕಾದಂಬರಿಗೆ ಅದು ಬೇಕು. ಪರೀಕ್ಷೆಯಲ್ಲಿ ಅದೇ ಕಾಲಿಗೆ ತೊಡರುತ್ತದೆ. ಅವಳು ತಪ್ಪು ಮಾಡಿದ ಪ್ರಶ್ನೆಗಳನ್ನು ಒಂದು ಸಂಜೆ ಎದುರಿಗಿಟ್ಟುಕೊಂಡು, ‘ಇದು ಯಾವ ಸಾಲಿನಲ್ಲಿದೆ, ಬೆರಳಿಟ್ಟು ತೋರಿಸು’ ಎಂದು ಕೇಳಿ. ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ, ಇಂಗ್ಲಿಷ್ ಚೆನ್ನಾಗಿ ಬರಬೇಕಾಗಿಯೂ ಇಲ್ಲ. ‘ಸಾಲಿನಲ್ಲಿ ಇಲ್ಲ, ಆದರೆ ಅನ್ನಿಸುತ್ತದೆ’ ಎಂದು ಅವಳು ಹೇಳಿದ ಪ್ರತಿ ಸಲವೂ ಅಂಕ ಹೋದ ಜಾಗ ಅವಳಿಗೇ ಕಾಣುತ್ತದೆ. ಕಾದಂಬರಿಯ ಜೊತೆಗೆ ವಾದ ಮಂಡಿಸುವ ಬರಹಗಳನ್ನು, ಅಂದರೆ ವಿಜ್ಞಾನದ ಲೇಖನ, ಇತಿಹಾಸದ ಪ್ರಬಂಧ, ಪತ್ರಿಕೆಯ ಸಂಪಾದಕೀಯ ಇಂಥವನ್ನು, ವಾರಕ್ಕೆ ಎರಡು ಮೂರು ಓದಲಿ. ಪರೀಕ್ಷೆಯಲ್ಲಿ ಸಾಹಿತ್ಯದ ಪಾಲಿಗಿಂತ ಇಂಥ ಬರಹದ ಪಾಲು ಹೆಚ್ಚು.

ಗೆಳತಿಯರ ಅಂಕದ ಮಾತನ್ನು ಅವಳ ಮುಂದೆ ಎತ್ತದಿದ್ದರೆ ಒಳ್ಳೆಯದು.

ಪ್ರಶ್ನೆ: ಗ್ರಾಫ್ ಮತ್ತು ಕೋಷ್ಟಕ ಇರುವ ಪ್ರಶ್ನೆಗಳಲ್ಲಿ ಎಲ್ಲ ಆಯ್ಕೆಗಳೂ ಗ್ರಾಫ್‌ಗೆ ಸರಿಹೊಂದುತ್ತವೆ. ಹೇಗೆ ಆರಿಸುವುದು?

ಉತ್ತರ: ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಆಯ್ಕೆಗಳು ಗ್ರಾಫ್‌ನ ಮಟ್ಟಿಗೆ ಸತ್ಯವಾಗಿರಬಹುದು, ಆದರೆ ಪ್ರಶ್ನೆ ಸತ್ಯವನ್ನಷ್ಟೇ ಕೇಳುತ್ತಿಲ್ಲ. ಪಠ್ಯದಲ್ಲಿ ಸಂಶೋಧಕರ ಒಂದು ಹೇಳಿಕೆ ಇರುತ್ತದೆ. ಅದನ್ನು ಬೆಂಬಲಿಸುವ ಅಂಕಿಯನ್ನು ಕೇಳುತ್ತಾರೆ. ಆದ್ದರಿಂದ ಗ್ರಾಫ್ ಅನ್ನು ಕೊನೆಗೆ ನೋಡಿ. ಹೇಳಿಕೆಯನ್ನು ಮೊದಲು ಓದಿ, ‘ಇದು ನಿಜವಾಗಿದ್ದರೆ ಯಾವ ಕಂಬ ಯಾವುದಕ್ಕಿಂತ ಎತ್ತರ ಇರಬೇಕು’ ಎಂದು ನಿರ್ಧರಿಸಿಕೊಂಡು, ಆಮೇಲೆ ಗ್ರಾಫ್‌ಗೆ ಹೋಗಿ. ಹೇಳಿಕೆ ಎರಡು ಗುಂಪುಗಳ ಹೋಲಿಕೆಯಾಗಿದ್ದರೆ, ಒಂದೇ ಗುಂಪಿನ ಅಂಕಿ ಹೇಳುವ ಆಯ್ಕೆ ಎಷ್ಟೇ ನಿಖರವಾಗಿದ್ದರೂ ಸಾಲದು.

ಪ್ರಶ್ನೆ: ನನ್ನ ಅಣ್ಣ 2019ರಲ್ಲಿ ಬಳಸಿದ ಸ್ಯಾಟ್ ಪುಸ್ತಕಗಳಿವೆ. ಅವುಗಳಿಂದ ಪ್ರಯೋಜನವಿದೆಯೇ?

ಉತ್ತರ: ಆಗಿನದು ಕಾಗದದ ಪರೀಕ್ಷೆ; 65 ನಿಮಿಷದಲ್ಲಿ ಐದು ಉದ್ದನೆಯ ಪಠ್ಯಗಳು, 52 ಪ್ರಶ್ನೆಗಳು. ಪರೀಕ್ಷೆಯ ಮಾದರಿಯಾಗಿ ಅವು ಈಗ ಕೆಲಸಕ್ಕೆ ಬಾರವು, ಸಮಯದ ಅಭ್ಯಾಸಕ್ಕೆ ಬಳಸಿದರೆ ದಾರಿ ತಪ್ಪಿಸುತ್ತವೆ. ಆದರೆ ಅಧಿಕೃತ ಪುಸ್ತಕವಾಗಿದ್ದರೆ ಪಠ್ಯಗಳ ಆಯ್ಕೆ ಬಹಳ ಚೆನ್ನಾಗಿದೆ. ಒಂದೊಂದು ಪ್ಯಾರಾ ಓದಿ, ಅದರ ಸಾರವನ್ನೂ, ಇಡೀ ಬರಹದಲ್ಲಿ ಆ ಪ್ಯಾರಾದ ಕೆಲಸವನ್ನೂ ಒಂದೊಂದು ವಾಕ್ಯದಲ್ಲಿ ಬರೆಯುವ ಅಭ್ಯಾಸಕ್ಕೆ ಬಳಸಿಕೊಳ್ಳಿ.

ಪ್ರಶ್ನೆ: ಪರೀಕ್ಷೆಗೆ ಮೂರೇ ವಾರ ಉಳಿದಿದೆ. ಓದಿನ ಅಂಕ 640. ಹೊಸ ಪುಸ್ತಕ ಕೊಳ್ಳಲೇ, ದಿನಕ್ಕೊಂದು ಪರೀಕ್ಷೆ ಬರೆಯಲೇ?

ಉತ್ತರ: ಎರಡೂ ಬೇಡ. ಬೇರೆ ಬೇರೆ ಪ್ರಕಾಶಕರ ಪುಸ್ತಕಗಳಲ್ಲಿ ವ್ಯಾಕರಣದ ಪ್ರಶ್ನೆಗಳು ಸಾಕಷ್ಟು ಚೆನ್ನಾಗಿರುತ್ತವೆ. ಓದಿನ ಪ್ರಶ್ನೆಗಳಲ್ಲಿ ಮಾತ್ರ ಸರಿಯುತ್ತರಕ್ಕೂ ತಪ್ಪು ಉತ್ತರಕ್ಕೂ ಇರುವ ಆ ಕೂದಲೆಳೆಯ ಅಂತರವನ್ನು ಅಧಿಕೃತ ಪ್ರಶ್ನೆಗಳಷ್ಟು ಶುದ್ಧವಾಗಿ ತರುವುದು ಬಹಳ ಕಷ್ಟ. ಕೆಟ್ಟ ಪ್ರಶ್ನೆಗಳ ಮೇಲೆ ತರ್ಕವನ್ನು ರೂಢಿಸಿಕೊಂಡರೆ ಕೊನೆಯ ವಾರದಲ್ಲಿ ಅದನ್ನು ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ.

ಮೊದಲ ಎರಡು ವಾರ, ದಿನಕ್ಕೆ ಹದಿನೈದು ಅಧಿಕೃತ ಪ್ರಶ್ನೆಗಳನ್ನು ಮಾತ್ರ ಮಾಡಿ, ಮೇಲೆ ಮೊದಲ ಪತ್ರಕ್ಕೆ ಹೇಳಿದ ಎರಡು ವಾಕ್ಯದ ಟಿಪ್ಪಣಿಯ ಸಮೇತ. 640 ಬರುತ್ತಿದೆಯೆಂದರೆ ಓದು ಬರುತ್ತದೆ, ಕೆಲವೇ ಬಗೆಯ ಪ್ರಶ್ನೆಗಳಲ್ಲಿ ಮಾತ್ರ ಜಾರುತ್ತಿದ್ದೀರಿ ಎಂದರ್ಥ. ಆ ಬಗೆಗಳನ್ನು ಗುರುತಿಸಿ ಅವಕ್ಕೇ ಹತ್ತು ದಿನ ಕೊಡಿ. ವ್ಯಾಕರಣವನ್ನೂ ಮರೆಯಬೇಡಿ. ಪೂರ್ಣವಿರಾಮ, ಅಲ್ಪವಿರಾಮ, ಅರ್ಧವಿರಾಮಗಳ ಬಳಕೆಯ ನಿಯಮಗಳು ಎಣಿಸುವಷ್ಟೇ ಇವೆ, ಮೂರು ವಾರದಲ್ಲಿ ನಿಶ್ಚಿತವಾಗಿ ಕೈಗೆ ಸಿಗುವ ಅಂಕಗಳು ಅಲ್ಲಿವೆ, ಮತ್ತು ಅವನ್ನು ಬೇಗ ಮುಗಿಸಿದಷ್ಟೂ ಕಷ್ಟದ ಓದಿನ ಪ್ರಶ್ನೆಗಳಿಗೆ ನಿಮಿಷಗಳು ಉಳಿಯುತ್ತವೆ. ಮೊದಲ ಮಾಡ್ಯೂಲ್‌ನಲ್ಲಿ ಅವಸರದ ತಪ್ಪುಗಳಾದರೆ ಎರಡನೆಯದು ಸುಲಭದ್ದು ಸಿಕ್ಕಿ, ಮುಟ್ಟಬಹುದಾದ ಅಂಕದ ಎತ್ತರವೇ ತಗ್ಗುತ್ತದೆ; ಆದ್ದರಿಂದ ಅಭ್ಯಾಸದಲ್ಲೂ ಮೊದಲ ಮಾಡ್ಯೂಲ್‌ನ ಕೊನೆಯ ಎರಡು ನಿಮಿಷಗಳನ್ನು ಮರುಪರಿಶೀಲನೆಗೆ ಮೀಸಲಿಡಿ.

ಮೂರನೆಯ ವಾರದ ಆರಂಭದಲ್ಲಿ ಒಂದು ಪೂರ್ಣ ಪರೀಕ್ಷೆಯನ್ನು ಬ್ಲೂಬುಕ್‌ನಲ್ಲಿ, ನಿಜವಾದ ಪರೀಕ್ಷೆಯ ಹೊತ್ತಿಗೇ, ನಡುವೆ ಏಳದೆ ಬರೆಯಿರಿ. ಆಯ್ಕೆಗಳನ್ನು ಹೊಡೆದುಹಾಕುವ ಸೌಲಭ್ಯ, ಸಾಲುಗಳಿಗೆ ಬಣ್ಣ ಹಚ್ಚುವ ಸೌಲಭ್ಯ, ಗಡಿಯಾರವನ್ನು ಮರೆಮಾಡುವ ಗುಂಡಿ ಇವೆಲ್ಲ ಅಂದೇ ಕೈಗೆ ಪಳಗಲಿ. ಆ ಪರೀಕ್ಷೆಯ ತಪ್ಪುಗಳನ್ನು ನೋಡಲು ಎರಡು ದಿನ ತೆಗೆದುಕೊಳ್ಳಿ. ಅಲ್ಲಿಂದ ಮುಂದಕ್ಕೆ ಹೊಸ ಪ್ರಶ್ನೆಗಳು ಬೇಡ, ನಿಮ್ಮ ನೋಟ್‌ಬುಕ್ಕಿನ ಟಿಪ್ಪಣಿಗಳನ್ನೇ ಓದಿ. ಬ್ಲೂಬುಕ್ ಕೇಳುವ ಪರೀಕ್ಷಾ ಸಿದ್ಧತೆಯ ಹಂತವನ್ನು ಕೊನೆಯ ರಾತ್ರಿಗೆ ಉಳಿಸದೆ ಎರಡು ಮೂರು ದಿನ ಮುಂಚೆಯೇ ಮುಗಿಸಿ, ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಅನ್ನು ಪೂರ್ತಿ ಚಾರ್ಜ್‌ಗೆ ಹಾಕಿ ಬೇಗ ಮಲಗಿ.